ಎಂಟು ಇಂಚಿಗೊಂದು ಸುತ್ತು

ಕಂತು: ಹನ್ನೊಂದು

ನಿಂಗವ್ವ ಕೋಳಿಗೂಡಿನ ಹಲಗೆಗೆ ಮೂಗು ತಾಗುವಷ್ಟು ಬಗ್ಗಿ, ಅದರಲ್ಲಿದ್ದ ಗುಂಡಿನ ತೂತನ್ನು ನೋಡುತ್ತ ಕೂತು ಹತ್ತು ನಿಮಿಷವಾಗಿತ್ತು. ಒದ್ದೆ ಹುಲ್ಲಿನ ತೇವ ಸೀರೆಯ ಅಂಚಿಗೆ ಏರಿತ್ತು. ಕೋಳಿಗಳು ಅವಳನ್ನೊಮ್ಮೆ ಸುತ್ತು ಹಾಕಿ, ಕಾಳು ತಂದವಳಲ್ಲವೆಂದು ಖಾತ್ರಿ ಮಾಡಿಕೊಂಡು ದೂರ ಹೋದವು.

"ಅತ್ತಿ, ಮೊಣಕಾಲು ಹಿಡಕೋತಾವ. ಏಳ್ರಿ," ಎಂದಳು ಪೂರ್ಣಿಮಾ. ನಿಂಗವ್ವನ ಅಣ್ಣನ ಮಗ ಚನ್ನವೀರನ ಹೆಂಡತಿ ಅವಳು.

"ಹಿಡಕೊಳ್ಳಲಿ. ದಾರ ಕೊಡು."

ಪೂರ್ಣಿಮಾ ಚೀಲದಿಂದ ಬಿಳಿ ನೂಲಿನ ಉಂಡೆ ತೆಗೆದುಕೊಟ್ಟಳು. ನಿಂಗವ್ವ ಒಂದು ಎಳೆಯನ್ನು ತೂತಿಗೆ ಅಡ್ಡಲಾಗಿ ಹಿಡಿದು ಉಗುರಿನಿಂದ ಗುರುತು ಮಾಡಿದಳು. ಅದೇ ಎಳೆಯನ್ನು ನೆಟ್ಟಗೆ ತಿರುಗಿಸಿದಳು. ಓರೆಗೂ ಹಿಡಿದಳು. ಉಗುರು ಸರಿಸುವ ಪ್ರಮೇಯವೇ ಬರಲಿಲ್ಲ.

"ಅಡ್ಡ ಎಷ್ಟೋ ಉದ್ದನೂ ಅಷ್ಟ," ಎಂದಳು. "ದುಂಡಗೈತಿ, ಪೂರ್ಣಿ. ಬಳಿ ದುಂಡಗ ಇದ್ದಂಗ ಐತಿ."

ಅಣ್ಣನ ಮಗನ ಮನೆಗೆಂದು ಈ ಪರದೇಶಕ್ಕೆ ಬರುವ ಮೊದಲು, ಕುಂದಗೋಳದ ಹತ್ತಿರದ ಖಾದಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ನೂಲು ಪರೀಕ್ಷೆ ಮಾಡಿದವಳು ಅವಳು. ಊರೂರಿನಿಂದ ಹೆಂಗಸರು ನೂತು ತಂದ ಲಡಿಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಇಂಚಿಗೆ ಎಷ್ಟು ಹುರಿ ಬಿದ್ದಿದೆ ಎಂದು ಎಣಿಸುವುದು ಅವಳ ಕೆಲಸವಾಗಿತ್ತು. ಎಣಿಸಿ ಹೇಳಿದ ಮೇಲೆ ಯಾರೂ ವಾದಕ್ಕೆ ಬರುತ್ತಿರಲಿಲ್ಲ. ಬಂದವರು ಮತ್ತೊಮ್ಮೆ ಎಣಿಸಿ ಸುಮ್ಮನಾಗುತ್ತಿದ್ದರು.

ಒಂಬತ್ತು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ ಆರೂವರೆಗೆ, ಈ ಕೋಳಿಗಳಿಗೆ ಕಾಳು ಹಾಕಲು ಬಂದ ಬದರಿನಾಥನ ಎದೆಯ ಬಲಭಾಗವನ್ನು ಒಂದು ಗುಂಡು ತೂರಿ ಹೋಗಿತ್ತು. ಇನ್ನೊಂದು ಈ ಹಲಗೆ ತೂರಿ, ಒಳಗಿದ್ದ ಕಾಳಿನ ಚೀಲದಲ್ಲಿ ಹುದುಗಿ ಕೂತಿತ್ತು. ಬದರಿನಾಥ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಗುಂಡು ಹಾರಿಸಿದ ಆರೋಪ ಹೊತ್ತು ಚನ್ನವೀರ ಜೈಲಿನಲ್ಲಿದ್ದ. ನಾಳೆ ಶುಕ್ರವಾರ ಒಂಬತ್ತಕ್ಕೆ ಅವನ ಜಾಮೀನಿನ ವಿಚಾರಣೆ.

"ಆಯ್ತಾ ನಿಮ್ಮದು?"

ಬದರಿನಾಥನ ಹೆಂಡತಿ ವಸಂತಲಕ್ಷ್ಮಿ ಹಿತ್ತಿಲ ಮೆಟ್ಟಿಲ ಮೇಲೆ ನಿಂತಿದ್ದಳು. ಆಸ್ಪತ್ರೆಯಿಂದ ಬಟ್ಟೆ ಬದಲಿಸಲು ಬಂದವಳು. ಕೈಯಲ್ಲಿ ಕಾರಿನ ಕೀಲಿ ಇತ್ತು.

"ಹಬ್ಬದ ದಿನ ಬಂದೋರನ್ನ ಕಳಿಸಬಾರದು ಅಂತ ಒಳಗೆ ಬಿಟ್ಟೆ. ಪೊಲೀಸರು ಎಲ್ಲಾ ಅಳ್ಕೊಂಡ್ ಹೋಗಿದಾರೆ. ಇನ್ನೇನು ಉಳಿದಿದೆ ನೋಡಕ್ಕೆ?"

"ಅವರು ಗುಂಡು ತೂಗ್ಯಾರ, ತಾಯಿ. ತೂತು ಯಾರೂ ಅಳದಿಲ್ಲ."

"ಆ ಗುಂಡು ಮಾಡಿದ್ದು ನಿಮ್ಮ ಹುಡುಗನೇ. ಅವನ ಗ್ಯಾರೇಜಿನ ಬೆಂಚಿನ ಮೇಲೇ ಅಂಥವು ಸಿಕ್ಕಿದಾವೆ. ಅವನೇ ಒಪ್ಕೊಂಡಿದಾನೆ."

"ಮಾಡಿದ್ದು ಹೌದು. ರೊಟ್ಟಿ ಬಡದಾಕಿನ ಉಂಡಾಳ ಅಂತ ಹೆಂಗ ಹೇಳೂದು?"

ನಿಂಗವ್ವ ಹಲಗೆ ಹಿಡಿದು ಮೇಲೆದ್ದಳು. ಸೊಂಟಕ್ಕೆ ಸಿಕ್ಕಿಸಿದ್ದ ಚೀಲದಿಂದ ನಾಲ್ಕು ಹಳದಿ ಎಲೆ ತೆಗೆದು ವಸಂತಲಕ್ಷ್ಮಿಯ ಮುಂದೆ ಹಿಡಿದಳು.

"ಬನ್ನಿ. ನಿಮ್ಮ ಯಜಮಾನರ ತಲಿದಿಂಬಿನ ಕೆಳಗ ಇಡ್ರಿ. ಎದ್ದು ಬಂಗಾರದಂಗ ಮನಿಗೆ ಬರಲಿ."

ವಸಂತಲಕ್ಷ್ಮಿ ಎಲೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೀಲಿ ಇದ್ದ ಕೈಯಲ್ಲೇ ತೆಗೆದುಕೊಂಡಳು.

*

ಮನೆಗೆ ಮರಳುವ ದಾರಿಯಲ್ಲಿ ಕಾರು ಸ್ನೊಕ್ವಾಲ್ಮಿ ರಿಜ್‌ನ ಏರು ಹತ್ತುವಾಗ ಪೂರ್ಣಿಮಾ ಕೇಳಿದಳು: "ಅತ್ತಿ, ಜಡ್ಜಿಗೆ ನಮ್ಮ ವಕೀಲಿ ಭಾವನಾ ಹೆಂಗ ತಿಳಿಸಿ ಹೇಳ್ತಾಳ? ನನಗ ಇನ್ನೂ ಪೂರಾ ಹಿಡತಕ್ಕ ಬಂದಿಲ್ಲ."

"ಬಗರಿ ಆಡಿಸಿಯೇನು ಸಣ್ಣಾಕಿದ್ದಾಗ?"

"ಆಡಿಸೀನಿ. ನಮ್ಮ ಓಣ್ಯಾಗ ನಾನ ಫಸ್ಟ್."

"ಗಿಡ್ಡ ಬಗರಿ ಮೆತ್ತಗ ತಿರುವಿದ್ರೂ ನಿಲ್ತೈತಿ. ಉದ್ದಂದು?"

"ಜೋರ ತಿರುವಬೇಕು. ಇಲ್ಲಂದ್ರ ಒದ್ದಾಡಿ ಬೀಳ್ತೈತಿ."

"ಇದೂ ಅಷ್ಟ. ಬಂದೂಕಿನ ಬ್ಯಾರಲ್ ಒಳಗ ಹುರಿ ಹಾಕಿದಂಗ ಗೆರಿ ಕೊರದಿರ್ತಾರ. ಗುಂಡು ಅದರಾಗ ತಿರಗೋತ ಹೊರಗ ಬರ್ತೈತಿ. ನಮ್ಮ ಚೆನ್ನನ ರೈಫಲ್ಲಿಂದು ಹನ್ನೆರಡು ಇಂಚಿಗೆ ಒಂದು ಸುತ್ತು. ಮೆಲ್ಲಗ. ಅದಕ್ಕ ಐವತ್ತೈದು ಗ್ರೇನ್ ತೂಕದ ಹಗೂರ ಗುಂಡು ಸರಿ. ಚೀಲದಾಗ ಸಿಕ್ಕದ್ದು ಎಪ್ಪತ್ತೇಳರದು. ಉದ್ದಂದು, ಭಾರಂದು. ಅದು ನೆಟ್ಟಗ ಹೋಗಬೇಕಂದ್ರ ಎಂಟು ಇಂಚಿಗೊಂದು ಸುತ್ತು ಬೇಕು."

"ಇವರ ರೈಫಲ್ಲಾಗ ಹಾರಿಸಿದ್ರ?"

"ಅಡ್ಡಡ್ಡ ಬಿದ್ದು ಹೋಗ್ತೈತಿ. ಹಲಗಿಗೆ ಹುಣಸಿಬೀಜದಂಥ ತೂತು ಬೀಳ್ತಿತ್ತು. ಬಳಿಯಂಥದ್ದು ಬೀಳ್ತಿದ್ದಿಲ್ಲ."

ಒಂಬತ್ತು ದಿನಗಳಲ್ಲಿ ಮೊದಲ ಸಲ ಪೂರ್ಣಿಮಾಳ ಭುಜ ಸಡಿಲವಾಗಿದ್ದನ್ನು ನಿಂಗವ್ವ ಗಮನಿಸಿದಳು.

"ನೀವು ಇದೆಲ್ಲಾ ಯಾವಾಗ ಕಲಿತ್ರಿ, ಅತ್ತಿ?"

"ಕಲಿಯೂದೇನೈತಿ. ಜಯಧರ ಹತ್ತಿಗೆ ಒಂದು ಹುರಿ, ಉದ್ದ ಎಳಿ ಹತ್ತಿಗೆ ಒಂದು ಹುರಿ. ಒಂದರದ್ದು ಇನ್ನೊಂದಕ್ಕ ಹಾಕಿದ್ರ ದಾರ ನಿಲ್ಲಂಗಿಲ್ಲ. ಹೋದ ವರ್ಷ ಚೆನ್ನ ಗುಂಡು ತುಂಬಾಕ ಕೂತಾಗ ಬಾಜೂಕ ಕೂತು ಕೇಳಿದ್ದೆ. ಅವನೂ ಬಾಯಿ ಮುಚ್ಚವಲ್ಲ, ನಾನೂ ಏಳವಲ್ಲೆ."

ಚನ್ನವೀರನ ತಪ್ಪು ಅದೇ. ಬಾಯಿ. ಪೊಲೀಸರು ಚೀಲದಲ್ಲಿ ಸಿಕ್ಕ ಗುಂಡನ್ನೂ, ಗೂಡಿನಾಚೆಯ ಪೊದೆಯಲ್ಲಿ ಸಿಕ್ಕ, ಹಾರಿಸಿ ಖಾಲಿಯಾದ ಎರಡು ಹಿತ್ತಾಳೆಯ ತೋಟಾಗಳನ್ನೂ ಮುಂದಿಟ್ಟು, ಇವು ನೀನು ತುಂಬಿದ್ದೋ ಎಂದು ಕೇಳಿದಾಗ, ಅವನು ಹಿತ್ತಾಳೆಯ ಬಾಯನ್ನು ಬೆಳಕಿಗೆ ಹಿಡಿದು, ಇಷ್ಟು ಸಮವಾಗಿ ಈ ಕಡೆ ಇನ್ನಾರು ತುಂಬುತ್ತಾರೆ ಎಂದುಬಿಟ್ಟಿದ್ದ. ಅಂಗಡಿಯ ತೋಟಾಗಳನ್ನು ಅವನು ಮುಟ್ಟುತ್ತಿರಲಿಲ್ಲ. ಮದ್ದು ತೂಗಿ, ಗುಂಡು ಕೂರಿಸಿ, ಗೆಳೆಯರಿಗೂ ತುಂಬಿಕೊಡುತ್ತಿದ್ದ. ಊರಲ್ಲಿ ಒಳ್ಳೆಯ ಚಟ್ನಿಪುಡಿ ಮಾಡುವವರು ಹತ್ತು ಮನೆಗೆ ಹಂಚಿದ ಹಾಗೆ.

ಗೆಳೆಯರೆಂದರೆ ಒಬ್ಬನೇ, ಅನಂತಪದ್ಮನಾಭ. ಮೈಸೂರಿನವನು, ಬಾಥೆಲ್‌ನಲ್ಲಿ ಮನೆ, ಕ್ಯಾನ್ಯನ್ ಪಾರ್ಕಿನ ಒಂದು ಸಂಶೋಧನಾ ಕಂಪನಿಯಲ್ಲಿ ಕೆಲಸ. ಅಲ್ಲಿ ಅವನ ಮೇಲಧಿಕಾರಿ ಬದರಿನಾಥ. ಕೋಳಿ ಹಿಡಿಯಲು ಬರುವ ಕಯೋಟಿ ಎಂಬ ಸಣ್ಣ ತೋಳಗಳನ್ನು ಹೊಡೆಯಲು ತನ್ನ ಜಮೀನಿನಲ್ಲಿ ಇಬ್ಬರಿಗೂ ಅಪ್ಪಣೆ ಕೊಟ್ಟವನೂ ಬದರಿನಾಥನೇ. ಅನಂತನ ಪ್ರಯೋಗದ ಅಂಕಿಗಳನ್ನು ಸುಳ್ಳಾಗಿ ತಿದ್ದಲಾಗಿದೆ ಎಂದು ಹೇಳಿ ತಿಂಗಳ ಹಿಂದೆ ಅವನ ವರದಿ ವಾಪಸ್ ಕಳಿಸಿದವನೂ ಅವನೇ.

ಎಪ್ಪತ್ತೇಳು ಗ್ರೇನಿನವು ಅನಂತನಿಗಾಗಿ ತುಂಬಿದ್ದು ಎಂದು ಚನ್ನವೀರ ಹೇಳುತ್ತಿದ್ದ. ನಾನು ಕೇಳಿಯೇ ಇಲ್ಲ ಎಂದು ಅನಂತ ಪೊಲೀಸರ ಮುಂದೆ ಹೇಳಿದ್ದ. ಪೊಲೀಸ್ ಪ್ರಯೋಗಾಲಯದ ವರದಿ ಬರಲು ಆರು ವಾರ ಬೇಕು. ಅಲ್ಲಿಯವರೆಗೆ ಒಬ್ಬನ ಮಾತಿನ ಎದುರು ಇನ್ನೊಬ್ಬನ ಮಾತು.

*

ಚನ್ನವೀರನ ಗ್ಯಾರೇಜಿನ ಬೆಂಚಿನ ಮೇಲೆ ನಿನ್ನೆಯ ಖಂಡೇನವಮಿಯ ಹೂವು ಇನ್ನೂ ಬಾಡಿರಲಿಲ್ಲ. ಪೊಲೀಸರು ಬಿಟ್ಟುಹೋದ ಸಾಮಾನುಗಳಿಗೆಲ್ಲ ನಿಂಗವ್ವ ಪೂಜೆ ಮಾಡಿದ್ದಳು: ತೋಟಾ ಒತ್ತುವ ಪ್ರೆಸ್ಸಿಗೆ, ಮದ್ದು ತೂಗುವ ತಕ್ಕಡಿಗೆ, ನಟ್ಟು ತಿರುಗಿಸುವ ಪಾನಗಳಿಗೆ. ಕಪಾಟಿನಲ್ಲಿ ರೈಫಲ್ ಇರುತ್ತಿದ್ದ ಜಾಗ ಖಾಲಿ. ಅಲ್ಲಿಗೂ ಒಂದು ಹೂವು ಇಟ್ಟಿದ್ದಳು.

"ಈ ವರ್ಷ ವಿಭೂತಿ ಒಣದು ಹಚ್ಚೀರಿ," ಎಂದು ಪೂರ್ಣಿಮಾ ನಕ್ಕಳು. "ಬುದ್ಧಿ ಬಂತಲ್ಲ."

"ಹೌದವ್ವಾ. ಹೋದ ವರ್ಷ ಒದ್ದಿ ಕೈಲೆ ವಿಭೂತಿ ಬ್ಯಾರಲ್ಲಿಗೆ ಎಳದೆ. ಪೂಜಿ ಇಳಿಸೂತನಕ ಆಯುಧ ಮುಟ್ಟಬಾರದು ಅಂತ ಎರಡು ದಿನ ಹಂಗ ಬಿಟ್ವಿ. ತುಕ್ಕು ತಿಂದು ಮೂರು ಗೆರಿ ಕೂತ್ವು. ಚೆನ್ನನ ಮುಖ ನೋಡಾಕ ಆಗವಲ್ದು."

"'ಅತ್ತಿ, ಎಣ್ಣಿ ಹಚ್ಚಿದ್ರ ದೇವರು ಸಿಟ್ಟಾಗ್ತಿದ್ನ?' ಅಂದ್ರಲ್ಲ ಇವರು."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಗ್ಯಾರೇಜು ಹೆಚ್ಚು ಖಾಲಿಯಾಗಿ ಕಂಡಿತು.

ನಿಂಗವ್ವ ಗೋಡೆಯ ಮೇಲಿನ ಒಂದು ರಟ್ಟನ್ನು ಮೊಳೆಯಿಂದ ಬಿಡಿಸಿದಳು. ಗುರಿ ಅಭ್ಯಾಸದ ರಟ್ಟು. ಅದರಲ್ಲಿ ಐದು ತೂತು, ಐದೂ ಉದ್ದುದ್ದ, ಒಂದೊಂದು ಒಂದೊಂದು ದಿಕ್ಕಿಗೆ ಮಲಗಿದ್ದವು. ಕೆಳಗೆ ಚನ್ನವೀರನ ಅಕ್ಷರ: 'ನನ್ನ ಬ್ಯಾರಲ್, ೭೭ ಗ್ರೇನ್. ಒಗ್ಗೋದಿಲ್ಲ. ಇನ್ನೊಮ್ಮೆ ಹಾಕಬಾರದು.' ಪಕ್ಕದಲ್ಲಿ ಹಿಂದಿನ ವರ್ಷದ ತಾರೀಕು.

"ಇದನ್ನ ಭಾವನಾಗ ಕಳಿಸಿಯಲ್ಲ?"

"ಫೋಟೋ ಕಳಿಸೀನಿ. ನಾಳೆ ರಟ್ಟು ತರ್ರಿ ಅಂದಾಳ."

ಭಾವನಾ ಚನ್ನವೀರನ ವಕೀಲೆ. ಈ ಪರದೇಶದಲ್ಲೇ ಹುಟ್ಟಿ ಬೆಳೆದವಳು, ಕನ್ನಡದವರ ಮಗಳು. ನಿನ್ನೆ ಸಂಜೆ ಫೋನಿನಲ್ಲಿ ನಿಂಗವ್ವ ಅವಳಿಗೆ ಹೇಳಿದ್ದಳು: "ಪೊಲೀಸರ ಕೈಯಾಗಿರೂ ರೈಫಲ್ ಶುಕ್ರವಾರ ಜಡ್ಜನ ಮುಂದ ಅಳೀಲಿ ಅಂತ ಬರಕೊಡವ್ವ. ಹನ್ನೆರಡು ಬರ್ತೈತಿ. ಬಂದ ಮ್ಯಾಲೆ ಅವರ ಕತಿ ಮುಗೀತು."

ಭಾವನಾ ಹಿಂಜರಿದಿದ್ದಳು. "ಅಜ್ಜಿ, ಒಂದ್ಸಲ ಕೇಳಿದ್ಮೇಲೆ ವಾಪಸ್ ತಗೊಳ್ಳಕ್ಕಾಗಲ್ಲ. ನಂಬರ್ ಬೇರೆ ಬಂದ್ರೆ ನಾವೇ ಅವರಿಗೆ ಪ್ರೂಫ್ ಕೊಟ್ಟಂಗೆ. ಆರ್ ಯು ಶೂರ್?"

"ನಾ ಎಣಿಸಿದ್ದು ಎಂದೂ ತಪ್ಪಿಲ್ಲ, ತಂಗಿ."

ರಟ್ಟನ್ನು ಚೀಲಕ್ಕೆ ಹಾಕಿ ನಿಂಗವ್ವ ಬೆಂಚಿನ ಕಡೆ ತಿರುಗಿದಳು. ಪಾನಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿದ್ದವು. ಕಬ್ಬಿಣವನ್ನು ಬಿಗಿಹಿಡಿಯುವ ವೈಸಿನ ಬಾಯಿ ಒರೆಸಿ ಫಳಫಳ ಅನ್ನುತ್ತಿತ್ತು.

"ಇಷ್ಟು ಒಪ್ಪ ಯಾರು ಮಾಡ್ಯಾರ? ನಮ್ಮ ಹುಡುಗ ಅಂತೂ ಅಲ್ಲ."

"ಅನಂತ. ಬದರಿಗೆ ಗುಂಡು ಬಿದ್ದ ಮರುದಿನ ಬಂದಿದ್ರಲ್ಲ, ಮನಸ್ಸು ಸರಿ ಇಲ್ಲ ಅಂತ. ಇವರಿಗೆ ಆಫೀಸಿನ ಮೀಟಿಂಗಿತ್ತು. ಇಲ್ಲೇ ಎರಡು ತಾಸು ಕೂತು ಎಲ್ಲಾ ಒರಿಸಿಟ್ಟು ಹೋದ್ರು. ನಾನ ಚಾ ಕೊಟ್ಟೆ." ಪೂರ್ಣಿಮಾಳ ದನಿ ಕಹಿಯಾಯಿತು. "ಗುರುವಾರ ಪೊಲೀಸರು ಬಂದ್ರು. ಶುಕ್ರವಾರ ಅನಂತ ಇವರ ವಿರುದ್ಧ ಹೇಳಿಕೆ ಕೊಟ್ರು."

ನಿಂಗವ್ವ ವೈಸನ್ನು ಒಮ್ಮೆ ಸವರಿ ನೋಡಿದಳು.

"ಜೈಲಿನಿಂದ ಚೆನ್ನ ಇನ್ನೊಂದು ಮಾತು ಹೇಳ್ಯಾನ," ಎಂದಳು ಆಮೇಲೆ. "ಇಬ್ಬರೂ ಒಂದ ದಿನ ಒಂದ ತರದ ರೈಫಲ್ ತಗೊಂಡಾರ. ಎರಡೂ ಹನ್ನೆರಡರವ. ಈ ಯುಗಾದಿಗೆ ಅನಂತಪ್ಪ ತನ್ನ ಹಳೇ ಬ್ಯಾರಲ್ ಬಿಚ್ಚಿಸಿ ಎಂಟರದು ಹಾಕಿಸ್ಯಾನ. ಇದ ಬೆಂಚಿನ ಮ್ಯಾಲೆ, ಇಬ್ಬರೂ ಕೂಡಿ. ಹಳೇದನ್ನ ಅವತ್ತ ಮಾರಿಬಿಟ್ಟ. ಅಂದ ಮ್ಯಾಲೆ ಅವನ ಹತ್ರ ಇರೂದು ಎಂಟರದು ಒಂದ."

"ಭಾವನಾ ಅಲ್ಲಿಗೆ ಹೋಗಬ್ಯಾಡ್ರಿ ಅಂದಾಳ, ಅತ್ತಿ."

"ಬನ್ನಿ ಕೊಡಾಕ ಹೋಗಬ್ಯಾಡ್ರಿ ಅಂದಾಳೇನು?"

ನಿಂಗವ್ವ ಹೊಲಿಗೆ ಡಬ್ಬಿಯ ಅಳತೆ ಟೇಪನ್ನು ಬನ್ನಿಯ ಚೀಲಕ್ಕೆ ಹಾಕಿಕೊಂಡಳು.

*

ಅನಂತಪದ್ಮನಾಭನ ಮನೆಯ ನಡುಕೋಣೆಯಲ್ಲಿ ಗೊಂಬೆಗಳು ಒಂಬತ್ತು ಮೆಟ್ಟಿಲು ತುಂಬ ಕೂತಿದ್ದವು. ಅವನ ಹೆಂಡತಿ ಸೌಜನ್ಯ ಪಟ್ಟದ ಗೊಂಬೆಯನ್ನು ಮಲಗಿಸುವ ಸಿದ್ಧತೆಯಲ್ಲಿದ್ದವಳು ಎದ್ದು ಬಂದು, "ಬನ್ನಿ ಅಮ್ಮಾ, ಪೂರ್ಣಿಮಾ ಬಾ," ಎಂದು ಕರೆದು, ಯಾರ ಮುಖ ನೋಡಬೇಕೋ ತಿಳಿಯದೆ ಕಾಫಿ ಮಾಡಲು ಒಳಗೆ ಹೋದಳು.

ಅನಂತ ನಿಂತೇ ಇದ್ದ. ಗಡ್ಡ ಬೋಳಿಸಿದ ಮುಖ, ಮಡಿಸಿದ ತೋಳು, ತೂಗಿ ಇಡುವ ಮಾತು.

"ಬನ್ನಿ ತಗೊಂಡು ಬಂಗಾರದಂಗ ಇರೂಣು, ಅನಂತಪ್ಪ."

ಅವನು ಎಲೆ ತೆಗೆದುಕೊಂಡು ತಿರುಗಿಸಿ ನೋಡಿದ. "ಇದು ಬನ್ನಿ ಅಲ್ವಲ್ಲ, ಅಮ್ಮ. ನಮ್ಮ ಬೀದೀಲೂ ಇದೆ ಈ ಮರ."

"ಅಲ್ಲ. ಖರೇದು ಇಲ್ಲಿ ಎಲ್ಲಿ ಸಿಗಬೇಕು? ಖರೇದರ ಜಾಗಾದಾಗ ಇನ್ನೊಂದು ಇಟ್ಟೇನಿ. ನೋಡಾಕ ಹಂಗ ಐತಿ. ನಡೀತೈತಿ."

"ನಡೆಯುತ್ತೆ," ಎಂದ ಅನಂತ. ಎಲೆಯನ್ನು ಜೇಬಿಗೆ ಹಾಕಿಕೊಂಡ.

"ಪಾಂಡವರು ಬನ್ನಿ ಗಿಡದಾಗ ಆಯುಧ ಮುಚ್ಚಿಟ್ಟಿದ್ರಂತ. ಇವತ್ತ ಇಳಿಸಿದ್ರಂತ. ನೀ ನಿಂದು ಎಲ್ಲಿ ಇಟ್ಟೀಯಪಾ?"

ಅವನು ನಕ್ಕ. "ಸುತ್ತಿ ಬಳಸಿ ಯಾಕೆ ಕೇಳ್ತೀರಾ? ನನ್ನ ರೈಫಲ್ ನೋಡ್ಬೇಕು ಅಂತ ಬಂದಿದೀರ."

"ನೋಡಾಕಲ್ಲ. ಅಳ್ಯಾಕ ಬಂದೀನಿ."

"ಅಮ್ಮ, ನಿಮ್ಮ ವಯಸ್ಸಿಗೆ ಗೌರವ ಕೊಟ್ಟು ಹೇಳ್ತೀನಿ. ಚನ್ನವೀರ ಜೈಲಲ್ಲಿದಾನೆ. ಆಚೆ ಬರಕ್ಕೆ ಏನ್ ಬೇಕಾದ್ರೂ ಹೇಳ್ತಾನೆ. ಎಪ್ಪತ್ತೇಳು ಗ್ರೇನ್ ನನಗೋಸ್ಕರ ಅಂತಾನೆ. ನನಗೆ ಅದು ಯಾಕೆ ಬೇಕು?"

"ನಮ್ಮನ್ಯಾಗ ಕೂತು ಉಂಡೀರಿ, ಅನಂತ," ಎಂದಳು ಪೂರ್ಣಿಮಾ. "ಬುಧವಾರ ನಾ ಕೊಟ್ಟ ಚಾ ಕುಡದು, 'ಚನ್ನವೀರ ನನ್ನ ತಮ್ಮ ಇದ್ದಂಗೆ' ಅಂದ್ರಿ. ಎರಡು ದಿನದಾಗ ಏನಾತು?"

"ತಮ್ಮ ಅಂತ ಸುಳ್ಳು ಹೇಳಕ್ಕಾಗುತ್ತಾ, ಪೂರ್ಣಿಮಾ?"

"ಪೂರ್ಣಿ, ಸುಮ್ಮನಿರು," ಎಂದಳು ನಿಂಗವ್ವ. "ಬಾಯಿಲೆ ಆಗೂದಲ್ಲ ಇದು. ತೊಗೊಂಡ್ ಬಾರಪಾ ನಿನ್ನ ಆಯುಧ. ನಿಂದು ಹನ್ನೆರಡು ಬಂತಂದ್ರ ನಾ ನಿನ್ನ ಕಾಲ ಮುಟ್ಟಿ ಹೋಗ್ತೇನಿ. ಎಂಟು ಬಂದ್ರ ನೀನ ಹೇಳು ಏನು ಮಾಡೂದು."

ಅವನು ನಿರಾಕರಿಸುತ್ತಾನೆ ಎಂದು ಪೂರ್ಣಿಮಾ ಎಣಿಸಿದ್ದಳು. ಅವನು ನಿರಾಕರಿಸಲಿಲ್ಲ. ಒಳಗೆ ಹೋದ, ಕಪಾಟಿನ ಬಾಗಿಲು ತೆರೆದ ಸದ್ದಾಯಿತು. ರೈಫಲ್ಲನ್ನೂ ಅದರ ನಳಿಕೆ ಒರೆಸುವ ಸಲಾಕೆಯನ್ನೂ ತಂದ. ಒಳಗೆ ತೋಟಾ ಇಲ್ಲವೆಂದು ತೋರಿಸಿ, ಹಿಂದಿನ ಬೋಲ್ಟ್ ಹೊರಗೆಳೆದು ಮೇಜಿನ ಮೇಲಿಟ್ಟ.

"ಅಳೀರಿ. ಟೇಪು ಬೇಕಾ?"

"ತಂದೀನಿ."

ನಿಂಗವ್ವ ಸೋಫಾದ ಮೇಲೆ ಕೂತು ರೈಫಲ್ಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಸಲಾಕೆಯ ತುದಿಗೆ ಬಟ್ಟೆಯ ಚೂರು ಬಿಗಿಯಾಗಿ ಸುತ್ತಿ, ನಳಿಕೆಯ ಹಿಂದಿನಿಂದ ತೂರಿಸಿದಳು. ಸಲಾಕೆಯ ಹಿಡಿ ಒಂದು ಕಡೆ ನಿಂತರೂ ಸಲಾಕೆ ತನ್ನಷ್ಟಕ್ಕೆ ತಿರುಗುವಂಥದು. ಹೊರಗುಳಿದ ಭಾಗಕ್ಕೆ ತನ್ನ ನೂಲಿನ ಎಳೆಯೊಂದನ್ನು ಬಾವುಟದಂತೆ ಕಟ್ಟಿದಳು. ಎಳೆಯ ಗಂಟು ನೆತ್ತಿಗೆ ಬರುವಂತೆ ಹಿಡಿದು, ಅಲ್ಲಿಂದ ಟೇಪು ಹಚ್ಚಿದಳು.

"ಪೂರ್ಣಿ, ಟೇಪು ಹಿಡಿ. ಅಳಗಾಡಬ್ಯಾಡ."

ಮೆಲ್ಲಗೆ ತಳ್ಳಿದಳು. ಒಳಗಿನ ಗೆರೆಗಳು ಬಟ್ಟೆಯನ್ನು ಹಿಡಿದುಕೊಂಡವು. ಸಲಾಕೆ ಕದಿರಿನ ಹಾಗೆ ತಿರುಗತೊಡಗಿತು. ಬಿಳಿ ಗಂಟು ನೆತ್ತಿಯಿಂದ ಬಲಕ್ಕೆ ಜಾರಿತು, ಕೆಳಗಿಳಿಯಿತು.

ಎಂಟು ಇಂಚಿಗೆ ಗಂಟು ಮತ್ತೆ ನೆತ್ತಿಗೆ ಬರಬೇಕು.

"ಆರು," ಎಂದಳು ಪೂರ್ಣಿಮಾ.

ಗಂಟು ಆಗಷ್ಟೇ ತಳ ಮುಟ್ಟಿತ್ತು.

"ಎಂಟು... ಅತ್ತಿ, ಎಂಟಾತು."

ಗಂಟು ಎಡಮಗ್ಗುಲಲ್ಲಿ ಇನ್ನೂ ಕೆಳಗೇ ಇತ್ತು. ನಿಂಗವ್ವನ ಕೈ ನಿಲ್ಲಲಿಲ್ಲ. ಒಂಬತ್ತು. ಹತ್ತು. ಹನ್ನೊಂದು. ಹನ್ನೆರಡರ ಗೆರೆ ಬಂದಾಗ ಬಿಳಿ ಗಂಟು ನೆತ್ತಿಯ ಮೇಲೆ ನೆಟ್ಟಗೆ ಕೂತಿತು.

ಅವಳು ಸಲಾಕೆ ಹಿಂದೆಗೆದು ಬಟ್ಟೆ ಬದಲಿಸಿದಳು. ಮತ್ತೆ ತಳ್ಳಿದಳು. ಹನ್ನೆರಡು. ಮೂರನೆಯ ಸಲವೂ ಹನ್ನೆರಡು.

"ನೋಡಿದ್ರಾ?" ಅನಂತನ ದನಿಯಲ್ಲಿ ಗೆಲುವಿನ ಗದ್ದಲವೇನೂ ಇರಲಿಲ್ಲ. ಪಾಠ ಒಪ್ಪಿಸಿದ ಮಗುವಿಗೆ ಮೇಷ್ಟ್ರು ಹೇಳುವ ಹಾಗೆ ಹೇಳಿದ. "ಹನ್ನೆರಡು. ನನ್ನ ಬ್ಯಾರಲ್ಲಲ್ಲಿ ಎಪ್ಪತ್ತೇಳು ಹೋಗಲ್ಲ, ಅಮ್ಮ. ಅಡ್ಡ ಬೀಳುತ್ತೆ."

"ಯುಗಾದಿಗೆ ಹಾಕಿಸಿದ ಎಂಟರದು?"

"ಯಾವ ಎಂಟರದು?"

ಪೂರ್ಣಿಮಾ ಟೇಪನ್ನು ಕೈಬಿಟ್ಟಳು.

ಅಳೆದದ್ದನ್ನು ಅಲ್ಲಗಳೆಯುವ ಅಭ್ಯಾಸ ನಿಂಗವ್ವನಿಗಿರಲಿಲ್ಲ. ಹನ್ನೆರಡು ಬಂದರೆ ಹನ್ನೆರಡೇ. ತಪ್ಪು ಎಣಿಕೆಯಲ್ಲಿಲ್ಲ, ಲಡಿಯಲ್ಲಿದೆ. ಒಬ್ಬಳು ನೂತ ಲಡಿಗೆ ಇನ್ನೊಬ್ಬಳ ಹೆಸರಿನ ಚೀಟಿ ಕಟ್ಟಿ ತಂದದ್ದನ್ನು ಅವಳು ಎಷ್ಟು ಸಲ ಹಿಡಿದಿಲ್ಲ.

ವಿಜಯದಶಮಿಯ ದಿನ ಮುಟ್ಟಿದ ಆಯುಧವನ್ನು ಹಾಗೆಯೇ ಕೆಳಗಿಡಬಾರದು. ಅವಳು ರೈಫಲ್ಲನ್ನು ಕಣ್ಣಿಗೊತ್ತಿಕೊಳ್ಳಲು ಎತ್ತಿದಳು. ಬಲಗೈಯ ಮೂರು ಬೆರಳು ವಿಭೂತಿ ಎಳೆಯುವ ರೂಢಿಯಂತೆ ನಳಿಕೆಯ ಮೇಲೆ ಕೂತವು.

ಎಣ್ಣೆಯ ಕೆಳಗೆ ಕಬ್ಬಿಣ ತರಿತರಿಯಾಗಿತ್ತು.

ಅವಳು ಬೆರಳು ಸರಿಸಲಿಲ್ಲ, ಒತ್ತಿದಳು. ತೋರುಬೆರಳ ಕೆಳಗೆ ಒಂದು ಗೆರೆ. ನಡುಬೆರಳ ಕೆಳಗೆ ಒಂದು. ಮೂರನೆಯದು ನೆಟ್ಟಗಿರಲಿಲ್ಲ, ತುದಿಯಲ್ಲಿ ಓರೆಯಾಗಿ ಹೊರಗೆ ಹೋಗಿತ್ತು. ಮೂವತ್ತೊಂದು ವರ್ಷ ಎಳೆ ಹಿಡಿದು ಹಿಡಿದು ಅವಳ ಉಂಗುರ ಬೆರಳು ತುದಿಯಲ್ಲಿ ಓರೆಯಾದದ್ದೂ ಹಾಗೆಯೇ. ಅಂಗೈ ಅಚ್ಚಿಗೆ ಕೈ ಇಟ್ಟ ಹಾಗೆ ಮೂರೂ ಬೆರಳು ತಮ್ಮ ತಮ್ಮ ಗೆರೆಯಲ್ಲಿ ಕೂತಿದ್ದವು.

ಇದು ಅನಂತನ ನಳಿಕೆಯಲ್ಲ. ಚನ್ನವೀರನದು.

ಫಳಫಳ ಒರೆಸಿದ ವೈಸು. ಸಾಲಾಗಿಟ್ಟ ಪಾನಗಳು. ಬುಧವಾರದ ಎರಡು ತಾಸು. ಇದನ್ನು ಬಿಚ್ಚಿ ತಂದವನು ಅದರ ಜಾಗ ಖಾಲಿ ಬಿಟ್ಟಿರಲಾರ. ಖರೇದರ ಜಾಗದಲ್ಲಿ ಇನ್ನೊಂದು. ಹಾಗಿದ್ದರೆ ಪೊಲೀಸರ ಕೈಯಲ್ಲಿರುವ ಚನ್ನವೀರನ ರೈಫಲ್ಲಿಗೆ ಈಗ ಇರುವುದು—

ಪೂರ್ಣಿಮಾಳ ಫೋನು ಗುನುಗಿತು. ಅವಸರದಲ್ಲಿ ಒತ್ತಿದವಳು ಸ್ಪೀಕರನ್ನೇ ಒತ್ತಿಬಿಟ್ಟಳು.

"ಅಜ್ಜಿ ಇದಾರಾ? ಗುಡ್ ನ್ಯೂಸ್!" ಭಾವನಾಳ ದನಿ ಗೊಂಬೆಗಳ ಮೆಟ್ಟಿಲವರೆಗೂ ಕೇಳಿತು. "ಜಡ್ಜ್ ಒಪ್ಕೊಂಡ್ರು. ನಾಳೆ ನೈನ್‌ಗೆ ಶೆರಿಫ್ ಕಡೆ ಪೊಲೀಸರು ರೈಫಲ್ ತರ್ತಾರೆ. ಎಲ್ಲರ ಮುಂದೆ ಅಳೀತಾರೆ. ಇನ್ನು ಯಾರೂ ನಿಲ್ಲಿಸಕ್ಕಾಗಲ್ಲ."

ಪೂರ್ಣಿಮಾ ಫೋನನ್ನು ನಿಂಗವ್ವನ ಕಡೆ ಹಿಡಿದಳು.

"ಹಲೋ? ಅಜ್ಜಿ?"

"ಕೇಳಿಸ್ತು, ತಂಗಿ. ಆಮ್ಯಾಲೆ ಹಚ್ಚತೇನಿ," ಎಂದಳು ನಿಂಗವ್ವ.

ಅನಂತ ಮುಂದೆ ಬಂದು ಎರಡೂ ಕೈ ಚಾಚಿದ. "ಅಳೀಲಿ ಬಿಡಿ, ಅಮ್ಮ. ಒಳ್ಳೇದೇ ಆಯ್ತು. ನೀವೇ ಕೇಳಿದ್ದಲ್ವಾ?" ಅವನ ಕೈ ನಳಿಕೆಯ ತುದಿ ಹಿಡಿಯಿತು. "ಕೊಡಿ. ಒಳಗಿಡ್ತೀನಿ."

ನಿಂಗವ್ವ ಬಿಡಲಿಲ್ಲ. ಹಿಡಿದು ಎಳೆಯಲೂ ಇಲ್ಲ. ಮೂರು ಬೆರಳನ್ನು ಇದ್ದಲ್ಲೇ ಇಟ್ಟುಕೊಂಡು ಅವನ ಮುಖ ನೋಡಿದಳು.

"ಅವಸರ ಏನೈತಿ, ಅನಂತಪ್ಪ? ಇನ್ನೂ ಕಾಫಿ ಬಂದಿಲ್ಲ."

ಅವನು ಮೊದಲ ಸಲ ಅವಳ ಮುಖ ಬಿಟ್ಟು ಅವಳ ಬೆರಳುಗಳ ಕಡೆ ನೋಡಿದ.

ಅಷ್ಟರಲ್ಲಿ ಸೌಜನ್ಯ ತಟ್ಟೆಯಲ್ಲಿ ಮೂರು ಲೋಟ ಹಿಡಿದು ಬಂದಳು. ರೈಫಲ್ಲಿನ ಒಂದು ತುದಿ ಗಂಡನ ಕೈಯಲ್ಲಿ, ಇನ್ನೊಂದು ನಿಂಗವ್ವನ ತೊಡೆಯ ಮೇಲೆ. ಏನು ನಡೆಯುತ್ತಿದೆಯೆಂದು ತಿಳಿಯದೆ, ಏನಾದರೂ ಮಾತಾಡಬೇಕೆಂದು ಮಾತಾಡುವವರ ಹಾಗೆ, ಬೆರಳುಗಳಾಚೆ ಕಂಡ ಗೆರೆಗಳನ್ನು ಬಗ್ಗಿ ನೋಡಿದಳು.

"ಅಯ್ಯೋ, ತುಕ್ಕು ಹಿಡಿದಿದೆಯಲ್ರೀ! ಯುಗಾದಿಗೆ ಹೊಸದು ಹಾಕಿಸ್ಕೊಂಡು ಬಂದಾಗ ಕನ್ನಡಿ ಇದ್ದಂಗಿತ್ತು. ಈ ಮೂರು ಗೆರೆ ಯಾವಾಗ ಬಂತು?"

ಅನಂತ ತಿರುಗಲಿಲ್ಲ.

"ಸೌಜನ್ಯ," ಎಂದ, ತೂಗಿದ ದನಿಯಲ್ಲೇ. "ಒಳಗೆ ಹೋಗು."

ಅವಳು ತಟ್ಟೆ ಹಿಡಿದುಕೊಂಡೇ ಗಂಡನ ಬೆನ್ನನ್ನು ನೋಡಿದಳು, ನಿಂಗವ್ವನ ಬೆರಳುಗಳನ್ನು ನೋಡಿದಳು, ನೆಲದ ಮೇಲೆ ಬಿದ್ದಿದ್ದ ಟೇಪನ್ನು ನೋಡಿದಳು. ಒಳಗೆ ಹೋಗಲಿಲ್ಲ.